ಎರಡೂ ಕಡೆಯವರು ವಡೆ ತಿಂದ ಸಂಜೆ

ಹೊರದೇಶದಲ್ಲಿ ನಮ್ಮ ಸರ್ಕಾರದ ಕಚೇರಿ ಇಟ್ಟುಕೊಂಡು ಕೂತಿರುವವರಿಗೆ ಏನು ಕೆಲಸ ಎಂದು ರಾವಂದೂರು ಕಡೆಯವರು ಈಗಲೂ ನನ್ನನ್ನು ಕೇಳುತ್ತಾರೆ. ನಗುವುದು ಎನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ. ಅಂಥ ಒಂದು ಮನೆಯ ಅಡುಗೆಯವಳಾಗಿ ನಾನು ಎರಡು ದೇಶದಲ್ಲಿ ಇದ್ದೆ. ಮೊದಲನೆಯದು ಚಳಿ ದೇಶ, ಅಲ್ಲಿ ಏನೂ ಆಗಲಿಲ್ಲ. ಎರಡನೆಯದು ಮರಳಿನ ದೇಶ. ಅದರ ಹೆಸರು ಬರೆಯುವುದಿಲ್ಲ. ನನ್ನನ್ನು ಕರೆದುಕೊಂಡು ಹೋದವಳು ಇನ್ನೂ ಅದೇ ಕೆಲಸದಲ್ಲಿದ್ದಾಳೆ. ಅವಳ ಅನ್ನಕ್ಕೆ ನಾನು ಮಣ್ಣು ಹಾಕಬಾರದು.

ಅವಳು ಕೃಷ್ಣರಾಜನಗರದ ಅಕ್ಕಿ ಗಿರಣಿಯವರ ಮಗಳು. ನನ್ನ ಗಂಡ ಸತ್ತ ಮೇಲೆ ನಾನು ಆ ಮನೆಯ ಅಡುಗೆಗೆ ಸೇರಿದೆ. ಅದಕ್ಕೆ ಮೊದಲು ಊರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಹಾಕುತ್ತಿದ್ದೆ. ನಾನು ಎತ್ತಿ ಆಡಿಸಿದ್ದರಿಂದ ಅವಳನ್ನು ಕೂಸು ಎನ್ನುತ್ತಿದ್ದೆ. ದೊಡ್ಡ ಪರೀಕ್ಷೆ ಪಾಸು ಮಾಡಿ ಸರ್ಕಾರದ ಅಧಿಕಾರಿಯಾದಳು. ಈಗ ಅವಳ ತಲೆ ಅರ್ಧ ನರೆತಿದೆ, ನನಗೆ ಇನ್ನೂ ಕೂಸೇ. ಹೊರದೇಶದ ಕಚೇರಿಗೆ ಹಾಕಿದಾಗ ಒಂದು ದಿನ ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂತಳು.

"ಅವ್ವ, ನನ್ ಜೊತೆ ಬಾ. ಮುದ್ದೆ ತಿರುವಿ ಹಾಕೋರು ಅಲ್ಲಿ ಯಾರೂ ಇಲ್ಲ."

"ಬತ್ತೀನಿ ಬುಡು. ಅಲ್ಲೇ ಸತ್ತೋದ್ರೆ ನನ್ ಹೆಣ ಯಾರು ತತ್ತಾರೆ?"

"ನಾನೇ ತರ್ತೀನಿ. ಅದೂ ನನ್ನ ಕೆಲಸಾನೇ."

ಆಟಕ್ಕೆ ಹೇಳಿದಳು ಅಂದುಕೊಂಡೆ. ಮರಳಿನ ದೇಶಕ್ಕೆ ಹೋದ ಮೇಲೆ ಗೊತ್ತಾಯಿತು, ನಿಜವಾಗಿಯೂ ಅದು ಅವಳ ಕೆಲಸವೇ. ನಮ್ಮ ದೇಶದಿಂದ ಕೂಲಿಗೆ ಬಂದವರು ಅಲ್ಲಿ ಕಟ್ಟಡದಿಂದ ಬೀಳುತ್ತಿದ್ದರು, ಬಿಸಿಲಿಗೆ ಕುಸಿಯುತ್ತಿದ್ದರು, ಮಲಗಿದ್ದವರು ಏಳುತ್ತಿರಲಿಲ್ಲ. ಕೂಸು ಶವಾಗಾರಕ್ಕೆ ಹೋಗಿ ಮುಖ ನೋಡಿ, ಕಾಗದಕ್ಕೆ ಮೊಹರು ಒತ್ತಿಸಿ, ಪೆಟ್ಟಿಗೆಯನ್ನು ವಿಮಾನಕ್ಕೆ ಹತ್ತಿಸಿ ಬರುವಳು. ಅಂಥ ದಿನ ಮುಂಬಾಗಿಲಿಗೆ ಬರುತ್ತಿರಲಿಲ್ಲ. ಹಿತ್ತಲಲ್ಲಿ ನಾನು ಇಟ್ಟ ಬಕೆಟ್ಟಿನ ತಣ್ಣೀರು ತಲೆಗೆ ಸುರಿದುಕೊಂಡು ಒಳಗೆ ಬರುವಳು. ಸೂತಕ ಯಾರದೆಂದು ನಾನು ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಒಂದು ಗಂಟೆ ಬಿಟ್ಟು ರೇಷ್ಮೆ ಸೀರೆ ಉಟ್ಟು ಯಾವುದೋ ದೇಶದವರ ಊಟಕ್ಕೆ ಹೊರಡುವಳು. ಅಲ್ಲಿ ನಗಬೇಕಿತ್ತು.

ಇಂಥ ಅಧಿಕಾರಿಗಳ ಮನೆಗಳು ಮನೆಯಲ್ಲ. ಮೂರು ವರ್ಷಕ್ಕೆ ಎದ್ದು ಹೋಗುವವರು ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಸಾಮಾನು ತಂದ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಮಂಚದ ಕೆಳಗೆ ಇಟ್ಟಿರುತ್ತಾರೆ. ಮಾತೂ ಹಾಗೆಯೇ. ಮುಖ್ಯವಾದದ್ದನ್ನು ಮನೆಯೊಳಗೆ ಆಡುವುದಿಲ್ಲ, ಕದ್ದು ಕೇಳುವವರಿಗೆ ಕೇಳಿಸದಿರಲೆಂದು ತೋಟದಲ್ಲಿ ನಲ್ಲಿ ಬಿಟ್ಟುಕೊಂಡು ನಡೆಯುತ್ತಾ ಆಡುತ್ತಾರೆ. ಸತ್ತರೆ ದುರದೃಷ್ಟಕರ ಎನ್ನುತ್ತಾರೆ. ಬಡಿದಾಡಿದರೆ ಭಿನ್ನಾಭಿಪ್ರಾಯ ಎನ್ನುತ್ತಾರೆ. ಓಡಿಹೋಗಿ ಎನ್ನುವ ಮಾತು ಮಾತ್ರ ಡೆಲ್ಲಿಯಿಂದ ಬರಬೇಕು. ಅದು ಬರುವವರೆಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಕೂಸಿಗೆ ಆ ಭಾಷೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಸಾರಿಗೆ ಉಪ್ಪು ಸಾಲದು ಎನ್ನುವುದಕ್ಕೂ ಸುತ್ತಿ ಬಳಸಿ ಬರುತ್ತಿದ್ದಳು.

"ಸಪ್ಪೆ ಅಂತ ಏಳ್ಬುಡು ಮಗ, ನಾನೇನು ಮಂತ್ರಿನಾ?" ಎನ್ನುತ್ತಿದ್ದೆ.

ಎಣ್ಣೆಯವಳು ಸಿಕ್ಕಿದ್ದು ಗೇಟಿನಲ್ಲಿ. ಕಾವಲುಗಾರನ ಜೊತೆ ಯಾರೋ ಹೆಂಗಸು ಅವರ ಭಾಷೆಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಜಗಳವಾಡುತ್ತಿದ್ದಳು. ನಾನು ಹೋಗಿ ನೋಡಿದೆ. ಮೊಣಕಾಲು ಮುಟ್ಟುವ ಕೂದಲು ಬಿಟ್ಟುಕೊಂಡು, ಚೀಲದ ತುಂಬ ಬೇರು ಹಾಕಿ ಕಾಯಿಸಿದ ತಲೆಎಣ್ಣೆ ಬಾಟಲಿ ಇಟ್ಟುಕೊಂಡಿದ್ದಳು.

"ಯಾವೂರಮ್ಮಿ?"

ಅವಳು ಕಾವಲುಗಾರನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಉಣಸೂರು ಕಣಜ್ಜಿ! ನೀನು?"

"ಪಿರಿಯಾಪಟ್ಣ ತಾಲೂಕು. ಒಳಕ್ ಬಾ. ಆ ಕೂದ್ಲು ನಿಂದೇನಾ, ಕಟ್ಕೊಂಡಿದೀಯಾ?"

"ಎಳ್ದು ನೋಡು, ಬತ್ತದಾ ಅಂತ."

ಎಳೆದು ನೋಡಿದೆ. ಅವಳದೇ.

ಹುಣಸೂರಿನ ಅವರ ಕಾಲೊನಿಯಲ್ಲಿ ಮನೆಗೊಬ್ಬರು ಇಬ್ಬರು ಹೀಗೆ ಎಣ್ಣೆ ಮಾರಲು ದೇಶದೇಶ ಸುತ್ತುತ್ತಾರೆ. ಇಬ್ಬರು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಇವಳೂ ಗಂಡನೂ ಬಂದಿದ್ದರು. ಇವಳು ನಗರದಲ್ಲಿ ಸೇತುವೆಯಾಚೆ ಒಂದು ಕೋಣೆಯಲ್ಲಿ ಬೇರೆ ಹೆಂಗಸರ ಜೊತೆ ಇದ್ದಳು. ಗಂಡ ಬಸ್ಸಿನಲ್ಲಿ ಒಂದೂವರೆ ದಿನ ದೂರದ ಪಡುವಣ ಊರಲ್ಲಿ ವ್ಯಾಪಾರ ಮಾಡುತ್ತಿದ್ದ. ಆ ಮನುಷ್ಯನನ್ನು ನಾನು ನೋಡಲಿಲ್ಲ. ಫೋನಿನಲ್ಲಿ ಮಾತಾಡಿದ್ದೇನೆ. ಹೆಂಡತಿಗಿಂತ ಹೆಚ್ಚು ನಗುವವನು. "ಅಜ್ಜಿ, ನಿಮಗೆ ಎಣ್ಣೆ ಬೇಡ ಬುಡಿ, ಹಲ್ಲಿಗೆ ಬೇರೆ ಔಷ್ದ ಕೊಡ್ತೀನಿ," ಎಂದಿದ್ದ. ವಾರಕ್ಕೊಂದು ಸಲ ಅವಳು ಹಿತ್ತಲಿಗೆ ಬಂದು ಮುದ್ದೆ ಉಂಡು ಹೋಗುವಳು. ಅಲ್ಲಿ ರಾಗಿ ಇಲ್ಲ, ಜೋಳದ ಹಿಟ್ಟಿನಲ್ಲೇ ತಿರುವುತ್ತಿದ್ದೆ. ಬಿರುಕು ಬಿಡುತ್ತಿತ್ತು. ಅದನ್ನು ಆಡಿಕೊಂಡೇ ಉಣ್ಣುವಳು.

ಆ ದೇಶದಲ್ಲಿ ಎರಡು ಸೈನ್ಯ ಇದ್ದವು. ಒಂದು ಸರ್ಕಾರದ್ದು. ಇನ್ನೊಂದು ಸರ್ಕಾರವೇ ಸಾಕಿ ಬೆಳೆಸಿದ್ದು. ಎರಡರ ದೊಡ್ಡವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಇದು ಮಾರ್ಕೆಟ್ಟಿನ ಈರುಳ್ಳಿಯವನಿಗೂ ಗೊತ್ತಿತ್ತು. ಆದರೆ ಎಷ್ಟೋ ವರ್ಷದಿಂದ ಹಾಗೇ ಇದ್ದದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮೊದಲು ಹೋದದ್ದು ನಾಯಿಗಳು. ಎದುರು ಮನೆಯಲ್ಲಿ ಬಿಳಿಯರ ಎಂಬೆಸಿಯ ಅಧಿಕಾರಿ ಇದ್ದ. ಅವನ ಎರಡು ನಾಯಿಗಳನ್ನು ಒಂದು ಬೆಳಿಗ್ಗೆ ಬೋನಿನಲ್ಲಿ ಹಾಕಿ ವಿಮಾನಕ್ಕೆ ಕಳಿಸಿದರು. ಆಮೇಲೆ ಹೆಂಡತಿ ಮಕ್ಕಳು. ರಜಕ್ಕೆ ಹೋದರು ಎಂದು ಅವರ ತೋಟದವನು ಹೇಳಿದ. ಶಾಲೆಗೆ ರಜೆಯೇ ಇರಲಿಲ್ಲ. ಇನ್ನೊಂದು ಎಂಬೆಸಿಯ ಹಿತ್ತಲಲ್ಲಿ ಮೂರು ದಿನ ಹೊಗೆ ಎದ್ದಿತು. ಕಾಗದದ ಹೊಗೆ. ಬ್ಯಾರನ್ ಒಲೆಯ ಮುಂದೆ ಕೂತು ಹೊಗೆ ಕುಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕೂಸು ನನಗೆ ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಡಲು ಹೇಳಿದಳು.

"ಯಾಕ್ ಮಗ?"

"ನೀರು ಸರಿಯಾಗಿ ಬರ್ತಿಲ್ವಲ್ಲ."

"ಬತ್ತಾ ಅದೆ ಕಣ. ಈಗ್ತಾನೆ ಪಾತ್ರೆ ತೊಳ್ದೆ."

"ತುಂಬಿಡು ಅವ್ವ."

ತುಂಬಿಟ್ಟೆ.

ಅದೇ ವಾರ ಎಣ್ಣೆಯವಳು ಬಂದಳು. ಮುದ್ದೆಗೆ ಕೂರಲಿಲ್ಲ. ಕೂಸು ಮನೆಯಲ್ಲೇ ಇದ್ದಳು, ಇವಳು ನೇರವಾಗಿ ಅವಳ ಮುಂದೆ ಹೋಗಿ ನಿಂತಳು.

"ಮೇಡಮ್ಮೋರೆ, ಗಲಾಟೆ ಆಯ್ತದೆ ಅಂತಾವ್ರೆ. ನಮ್ಮನೆಯೋರು ಪಡುವ್ಲಾಗವ್ರೆ. ಬಸ್ ಚೀಟಿ ತಗಂಡವ್ರೆ, ಬರಾದಾ ಬ್ಯಾಡ್ವಾ ಅಂತ ಕೇಳ್ತಾವ್ರೆ. ಬಂದ್ರೆ ಯಾಪಾರ ಓಯ್ತದೆ. ಎಣ್ಣೆ ಎಲ್ಲಾ ಅಲ್ಲೇ ಬಿದ್ದದೆ. ನೀವು ಏನಂತೀರೋ ಅಂಗೆ."

ಕೂಸು ಅವಳ ಮುಖ ನೋಡಲಿಲ್ಲ. ಅವಳ ಭುಜದ ಮೇಲಿಂದ ಗೋಡೆ ನೋಡಿದಳು. "ಸದ್ಯಕ್ಕೆ ಪರಿಸ್ಥಿತಿ ಶಾಂತವಾಗಿದೆ. ನಾವು ಗಮನಿಸ್ತಾ ಇದೀವಿ. ಅನಗತ್ಯವಾಗಿ ಓಡಾಡಬೇಡಿ."

"ಅಂದ್ರೆ ಬರಾದಾ, ಬ್ಯಾಡ್ವಾ?"

"ಎಚ್ಚರಿಕೆಯಿಂದ ಇರೋಕೆ ಹೇಳಿ."

ಎಣ್ಣೆಯವಳು ನನ್ನ ಕಡೆ ತಿರುಗಿದಳು. ನಾನು, "ನಾಯಿನೇ ಕಳುಸ್ಬುಟ್ರು ಕಣಮ್ಮಿ, ನಿನ್ ಗಂಡನ್ನ ಕರಸ್ಕೊ," ಎಂದೆ.

"ಅವ್ವ!" ಎಂದಳು ಕೂಸು. ಅಷ್ಟು ಜೋರಾಗಿ ಅವಳು ನನ್ನನ್ನು ಯಾವತ್ತೂ ಕೂಗಿರಲಿಲ್ಲ.

ಎಣ್ಣೆಯವಳು ಅವಳ ಮುಖ, ನನ್ನ ಮುಖ ಎರಡೂ ನೋಡಿದಳು. ನಾನು ಅಡುಗೆಯವಳು. ಕೂಸು ಸರ್ಕಾರ. ಯೋಚಿಸುತ್ತೇನೆ ಎಂದು ಹೊರಟುಹೋದಳು.

ಆ ಸಂಜೆಯೇ ಕೂಸಿನ ಮೇಲಿನ ಸಾಹೇಬರು, ಅಂದರೆ ರಾಯಭಾರಿ, ನಮ್ಮ ತೋಟದಲ್ಲಿ ನಲ್ಲಿ ಬಿಟ್ಟುಕೊಂಡು ಅವಳ ಜೊತೆ ಓಡಾಡಿದರು. ಆ ವಾರದ ಕೊನೆಗೆ ನಮ್ಮ ಎಂಬೆಸಿಯಲ್ಲಿ ದೊಡ್ಡ ಔತಣ ಇತ್ತು. ಎಲ್ಲ ದೇಶದವರಿಗೂ, ಅಲ್ಲಿನ ಸರ್ಕಾರದವರಿಗೂ ಕರೆ ಹೋಗಿತ್ತು. ಕೂಸು ಅದನ್ನು ನಿಲ್ಲಿಸಿಬಿಡೋಣ ಎಂದಿದ್ದಳಂತೆ. ಸಾಹೇಬರು ಒಪ್ಪಲಿಲ್ಲ. ಇದನ್ನು ಅವಳು ನನಗೆ ಆಮೇಲೆ ಹೇಳಿದ್ದು. ಅವರ ಕಸುಬಿನಲ್ಲಿ ಊಟ ಎಂದರೆ ಊಟವಲ್ಲ. ಕರೆದ ಊಟವನ್ನು ನಿಲ್ಲಿಸಿದರೆ, ಈ ದೇಶ ಮುಗಿಯಿತು ಎಂದು ಡಂಗುರ ಹೊಡೆದ ಹಾಗೆ. ಅಲ್ಲಿನ ಸರ್ಕಾರಕ್ಕೆ ಸಿಟ್ಟು ಬರುತ್ತದೆ, ನಮ್ಮ ಜನ ಹೆದರಿ ಒಂದೇ ಸಲ ರಸ್ತೆಗೆ ಬೀಳುತ್ತಾರೆ. ಆದ್ದರಿಂದ ನಿಲ್ಲಿಸಲಿಲ್ಲ. ಹೋದ ವರ್ಷಕ್ಕಿಂತ ಹೆಚ್ಚಿಗೆ ಲೈಟು ಹಾಕಿಸಿದರು.

ನನ್ನ ಪಾಲಿಗೆ ವಡೆ ಬಂತು. ಮದ್ದೂರು ವಡೆ. ಈರುಳ್ಳಿ ಹೆಚ್ಚಿ ಕಣ್ಣು ಊದಿಕೊಂಡಿತ್ತು. ಹೊತ್ತು ಮುಳುಗುವಾಗ ಬಾಣಲೆಯನ್ನು ಸಹಾಯದವನಿಗೆ ಬಿಟ್ಟು ಪರದೆ ಸರಿಸಿ ಹೊರಗೆ ನೋಡಿದೆ. ಎರಡೂ ಸೈನ್ಯದವರು ಬಂದಿದ್ದರು. ಇವರ ಟೋಪಿ ಒಂದು ಬಣ್ಣ, ಅವರದು ಇನ್ನೊಂದು. ಹುಲ್ಲಿನ ಈ ತುದಿಯಲ್ಲಿ ಇವರು, ಆ ತುದಿಯಲ್ಲಿ ಅವರು. ಮಧ್ಯೆ ನಮ್ಮ ಸಾಹೇಬರೂ ಕೂಸೂ ಆ ಕಡೆ ಒಂದು ನಗು, ಈ ಕಡೆ ಒಂದು ನಗು ಹಂಚುತ್ತಾ ಓಡಾಡುತ್ತಿದ್ದರು. ವಡೆಯ ತಟ್ಟೆ ಮೊದಲು ಆ ಕಡೆ ಹೋಯಿತು, ಅದೇ ತಟ್ಟೆ ಈ ಕಡೆ ಬಂತು. ಎರಡೂ ಕಡೆಯವರು ತಿಂದರು. ಒಬ್ಬ ದಪ್ಪ ಮೀಸೆಯವನು ಕೈ ಒರೆಸಿಕೊಂಡು ಇನ್ನೊಂದು ಬೇಕು ಎಂದು ಸನ್ನೆ ಮಾಡಿದ. ಯಾರೂ ಯಾರಿಗೂ ಬೆನ್ನು ತಿರುಗಿಸಲಿಲ್ಲ. ಊಟದ ಮನೆಯಲ್ಲಿ ಜನ ಬೆನ್ನು ತಿರುಗಿಸುತ್ತಾರೆ, ಬಗ್ಗುತ್ತಾರೆ, ಕೂಗಾಡುತ್ತಾರೆ. ಇಲ್ಲಿ ಎರಡೂ ಕಡೆಯವರು ಕಾಂಪೌಂಡಿನ ಗೋಡೆಗೆ ಒರಗಿ ನಿಂತು ಅಗಿಯುತ್ತಿದ್ದರು. ಗೇಟಿನಾಚೆ ಅವರ ಗಾಡಿಗಳ ಇಂಜಿನ್ನು ಆರಿಸಿರಲಿಲ್ಲ.

ರಸ್ತೆಯಾಚೆ ಎಣ್ಣೆಯವಳು ನಿಂತಿದ್ದಳು. ಅದು ನನಗೆ ಕಾಣಲಿಲ್ಲ. ಲೈಟು, ಶಾಮಿಯಾನ, ಬಾವುಟ, ಒಳಗೆ ಹೋಗುವ ರೇಷ್ಮೆ ಸೀರೆ, ಎಲ್ಲ ಫೋನಿನಲ್ಲಿ ಹಿಡಿದು ಗಂಡನಿಗೆ ಕಳಿಸಿದಳು. ಆ ವಿಡಿಯೊ ಆಮೇಲೆ ನನಗೆ ತೋರಿಸಿದಳು. ಅದರಲ್ಲಿ ಅವಳ ದನಿ ಇದೆ. "ನೋಡು, ನಮ್ ಎಂಬೆಸೀಲಿ ಮದುವೆ ಮನೆ ಥರ ಲೈಟ್ ಆಕವ್ರೆ. ಮೇಡಮ್ಮೋರು ನಕ್ಕೊಂಡು ಓಡಾಡ್ತಾವ್ರೆ. ಏನೂ ಇಲ್ಲ ಕಣ, ನೀನು ಯಾಪಾರ ಮುಗಿಸ್ಕೊಂಡೇ ಬಾ." ಗಂಡ ಬಸ್ಸಿನ ಚೀಟಿ ವಾಪಸು ಕೊಟ್ಟ. ಉಳಿದ ಎಣ್ಣೆಯನ್ನು ಆ ದೇಶದವನ ಒಂದು ಲಾರಿಗೆ ಹಾಕಿಕೊಂಡು, ಇನ್ನೂ ಒಳಗಿನ ಒಂದು ಸಂತೆಗೆ ಹೊರಟ.

ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ, ನಾನು ಒಲೆ ಹಚ್ಚುವ ಹೊತ್ತಿಗೆ, ವಿಮಾನ ನಿಲ್ದಾಣದ ಕಡೆಯಿಂದ ಶಬ್ದ ಬಂತು. ಆಮೇಲೆ ಸೇತುವೆ ಕಡೆಯಿಂದ. ಮಧ್ಯಾಹ್ನಕ್ಕೆ ಕರೆಂಟು ಹೋಯಿತು. ನಲ್ಲಿ ನಿಂತುಹೋಯಿತು.

ಒಂದು ವಾರಕ್ಕೂ ಹೆಚ್ಚು ಹೊರಗೆ ಕಾಲಿಡಲಿಲ್ಲ. ಕೂಸು ಮೆಟ್ಟಿಲ ಕೆಳಗೆ ಕೂತು, ಕಾರಿನ ಬ್ಯಾಟರಿಗೆ ಫೋನು ಸಿಕ್ಕಿಸಿಕೊಂಡು ಮಾತಾಡಿದಳು. ನಮ್ಮ ಜನ ಎಲ್ಲೆಲ್ಲಿದ್ದರೋ ಅಲ್ಲಿಂದೆಲ್ಲ ಫೋನು ಮಾಡುತ್ತಿದ್ದರು. ಒಬ್ಬರಿಗೆ ನೀರಿಲ್ಲ, ಒಬ್ಬರಿಗೆ ಹೆರಿಗೆ ನೋವು, ಒಬ್ಬರ ಮೇಲಿನ ಮಹಡಿಯೇ ಇಲ್ಲ. ಕಿಟಕಿಯಿಂದ ದೂರ ಇರಿ, ನೆಲದ ಮೇಲೆ ಮಲಗಿ, ಬಾಗಿಲು ತೆಗೆಯಬೇಡಿ ಎಂದು ಅದನ್ನೇ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿ ಹೇಳಿ ಗಂಟಲು ಹೋಯಿತು. ನಾನು ಅನ್ನದ ಗಂಜಿ ಮಾಡಿ ಕುಡಿಸುತ್ತಿದ್ದೆ. ಗಾಳಿಯಲ್ಲಿ ಬಂದ ಹೊಗೆಯಲ್ಲಿ ರಬ್ಬರು ಇತ್ತು, ಸಕ್ಕರೆ ಇತ್ತು, ಕೂದಲು ಇತ್ತು. ಅಂಥ ಹೊಗೆ ನಾನು ಮೊದಲು ಕುಡಿದಿರಲಿಲ್ಲ.

ಎಣ್ಣೆಯವಳೂ ಫೋನು ಮಾಡಿದಳು. ಗಲಾಟೆ ಶುರುವಾದ ದಿನವೇ ಗಂಡ ಮಾತಾಡಿದ್ದನಂತೆ. ಸಂತೆ ನಿಂತಿದೆ, ಅದೇ ಲಾರಿಯಲ್ಲಿ ವಾಪಸು ಹೊರಟಿದ್ದೇನೆ ಎಂದಿದ್ದನಂತೆ. ಆಮೇಲೆ ಫೋನು ಸತ್ತುಹೋಗಿತ್ತು.

ಓಡಿಹೋಗಿ ಎನ್ನುವ ಮಾತು ಡೆಲ್ಲಿಯಿಂದ ಕಡೆಗೂ ಬಂತು. ಸಮುದ್ರದ ದಡಕ್ಕೆ ಬಸ್ಸು, ಅಲ್ಲಿಂದ ಹಡಗು. ಎರಡೂ ಸೈನ್ಯದವರು ಅರ್ಧ ದಿನ ಗುಂಡು ನಿಲ್ಲಿಸಲು ಒಪ್ಪಿದ್ದರು. ಸೇತುವೆ ದಾಟಿ ನಡೆದು ಬಂದವರಲ್ಲಿ ಎಣ್ಣೆಯವಳೂ ಇದ್ದಳು. ಕೂದಲನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದಳು. ಕೂಸು ಬಸ್ಸಿನ ಬಾಗಿಲಲ್ಲಿ ನಿಂತಿದ್ದಳು.

"ಹತ್ತವ್ವ."

"ನಮ್ಮನೆಯೋರು ಬರ್ಲಿ ಮೇಡಮ್ಮೋರೆ. ಲಾರೀಲಿ ಬತ್ತಾವ್ರೆ."

"ಅವರಿಗೆ ಬೇರೆ ವ್ಯವಸ್ಥೆ ಮಾಡ್ತೀವಿ. ನೀವು ಹತ್ತಿ."

"ಅವತ್ತು ಕೇಳುದ್ರೆ ಬಾಯ್ಬುಡ್ಲಿಲ್ಲ. ಇವತ್ತು ಅತ್ತು ಅತ್ತು ಅಂತೀರಾ? ನಾ ಅತ್ತಾಕಿಲ್ಲ."

ಹಿಂದೆ ಜನ ನೂಕುತ್ತಿದ್ದರು. ಕೂಸು ಬಾಗಿಲ ಕಂಬಿ ಹಿಡಿದುಕೊಂಡಳು. ನಾನು ಬಸ್ಸಿನೊಳಗಿಂದ ತಲೆ ಹಾಕಿದೆ.

"ಮಕ್ಳು ಯಾರತ್ರ ಅವೆ?"

"ನಮ್ಮತ್ತೆ ತಾವ."

"ಅತ್ತೆಗೆ ಕಣ್ ಕಾಣ್ತದಾ?"

"ಮಂದ."

"ಇಬ್ರೂ ಇಲ್ಲೇ ಉಳ್ಕೊಂಡ್ರೆ ಆ ಕುರುಡಿ ಆ ಮಕ್ಳನ್ನ ಏನ್ ಮಾಡ್ಯಾಳು? ಅತ್ತಮ್ಮಿ."

ಹತ್ತಿದಳು. ನನ್ನ ಪಕ್ಕ ಕೂತಳು. ದಾರಿ ಉದ್ದಕ್ಕೂ ಎದುರಿಗೆ ಬಂದ ಒಂದೊಂದು ಲಾರಿಯನ್ನೂ ನೋಡಿದಳು. ಬಂದದ್ದೂ ಕಡಿಮೆ. ಕೂಸು ಬಸ್ಸಿನ ಜೊತೆ ಬರಲಿಲ್ಲ. ಎಲ್ಲರೂ ಹೋದ ಮೇಲೆ, ಕೊನೆಗೆ ಬಂದಳು.

ಆಮೇಲೆ ಕೂಸಿಗೆ ಬೇರೆ ದೇಶ ಕೊಟ್ಟರು. ಬಾ ಎಂದು ಕರೆದಳು. ಮಂಡಿ ನೋವು ಎಂದೆ. ನೋವೂ ಇತ್ತು. ರಾವಂದೂರಿನ ಹತ್ತಿರ ತಮ್ಮನ ಮನೆಯಲ್ಲಿ ಉಳಿದುಕೊಂಡೆ.

ಹುಣಸೂರಿಗೆ ಮರಳಿದ ಎಣ್ಣೆಯವಳ ಸ್ಥಿತಿ ಹೇಳುವಂಥದ್ದಲ್ಲ. ಹೆಣ ಬಂದಿದ್ದರೆ ಒಂದು ದಾರಿ. ಮನುಷ್ಯ ಬಂದಿದ್ದರೆ ಒಂದು ದಾರಿ. ಎರಡೂ ಇಲ್ಲ. ಮೈದುನ ಕಾರ್ಯ ಮಾಡಿ ಮುಗಿಸೋಣ ಎನ್ನುತ್ತಿದ್ದ. ಇವಳು ಬಳೆ ತೆಗೆಯುವುದಿಲ್ಲ ಎಂದು ಕೂತಳು. ಹಬ್ಬಕ್ಕೆ ಕುಂಕುಮ ಕೊಡಬೇಕೋ ಬಿಡಬೇಕೋ ಎಂದು ಹೆಂಗಸರಿಗೆ ಕಷ್ಟ. ಅವಳನ್ನು ಕಂಡರೆ ಬೇರೆ ಬೀದಿಯಲ್ಲಿ ಹೋಗುತ್ತಿದ್ದರು. ಕೂಸಿಗೆ ಫೋನು ಮಾಡಿದರೆ ವಿಚಾರಿಸುತ್ತಿದ್ದೇವೆ ಎನ್ನುತ್ತಿದ್ದಳು. ಒಂದು ವರ್ಷ ಕಳೆಯಿತು. ಇನ್ನೊಂದು ಅರ್ಧ ವರ್ಷ ಕಳೆಯಿತು. ಕಡೆಗೆ ಎಣ್ಣೆಯವಳು ನನಗೆ ಬರಲು ಹೇಳಿ ಕಳಿಸಿದಳು. ಬಸ್ಸು ಹತ್ತಿ ಹುಣಸೂರಿಗೆ ಹೋದೆ.

ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಬಳೆ ಇತ್ತು. ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದ್ದಳು. ನಾನು ಕೂಸಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಚಾಪೆಯ ಮೇಲಿಟ್ಟೆ.

"ಮೇಡಮ್ಮೋರೆ, ನಮ್ಮನೆಯೋರು ಅವ್ರಾ ಇಲ್ವಾ, ಎರಡ್ರಲ್ಲಿ ಒಂದು ಏಳ್ಬುಡಿ."

"ನೋಡಿ, ವಿಚಾರಣೆ ಇನ್ನೂ ನಡೀತಾ ಇದೆ. ಅಧಿಕೃತವಾಗಿ ನಾವು..."

"ಲೇ ಮಗ," ಎಂದೆ. "ಅದನ್ನ ಆಫೀಸ್ನಲ್ಲಿ ಮಡಗಿ ಬಾ. ಅಡುಗೆಮನೇಲಿ ನನ್ ಜೊತೆ ಮಾತಾಡ್ದಂಗೆ ಮಾತಾಡು."

ಅಲ್ಲಿ ಗಾಜಿನ ಲೋಟಗಳ ಶಬ್ದ ಕೇಳಿಸುತ್ತಿತ್ತು. ಯಾರೋ ನಗುತ್ತಿದ್ದರು. ಆಮೇಲೆ ಬಾಗಿಲು ಹಾಕಿಕೊಂಡ ಶಬ್ದ.

"ಬರಲ್ಲ ಕಣವ್ವ," ಎಂದಳು ಕೂಸು. "ಆ ಲಾರೀಲಿ ಇದ್ದೋರು ಯಾರೂ ಉಳೀಲಿಲ್ಲ."

ಎಣ್ಣೆಯವಳು ಫೋನಿನ ಹತ್ತಿರ ಬಗ್ಗಿದಳು. "ನಿಮ್ಗೆ ಯಾವತ್ತು ಗೊತ್ತಾಯ್ತು?"

"ಬಸ್ಸು ಹೊರಡೋ ದಿನ. ಬೆಳಿಗ್ಗೆ."

ನನಗೂ ಅದು ಗೊತ್ತಿರಲಿಲ್ಲ. ಫೋನಿನಲ್ಲಿ ಕೂಸು ಇನ್ನೂ ಏನೋ ಹೇಳುತ್ತಿದ್ದಳು. ಕಾಗದ, ಸಾಕ್ಷಿ, ಡೆಲ್ಲಿ. ಎಣ್ಣೆಯವಳು ಫೋನನ್ನು ಬೋರಲು ಹಾಕಿದಳು. ಎದ್ದು ಒಳಗೆ ಹೋಗಿ ಅತ್ತೆಯ ಕಿವಿಯಲ್ಲಿ ಹೇಳಿದಳು. ಮುದುಕಿಯ ಕೂಗು ಬೀದಿಗೆ ಕೇಳಿಸಿತು.

ಅಕ್ಕಪಕ್ಕದ ಹೆಂಗಸರು ಓಡಿ ಬಂದರು. ಕೆಲವರು ಒಳಗೆ ಹೋದರು. ಕೆಲವರು ನನ್ನ ಸುತ್ತ ನಿಂತರು, ಎಲ್ಲರ ಕೈಯಲ್ಲೂ ಫೋನು. ಎಂಬೆಸಿಯ ಅಜ್ಜಿ ಎಂದು ಗೊತ್ತಾಗಿತ್ತು.

"ಅಜ್ಜಿ, ನಮ್ ಹುಡ್ಗ ಬ್ಯಾರೆ ದೇಶದಲ್ಲವ್ನೆ. ಅಲ್ಲಿ ಎಂಗದೆ ಕೇಳ್ಕೊಡಿ."

"ನಮ್ಮ ಮನೆಯೋರೂವೆ. ಮೊನ್ನೆ ಅಲ್ಲೂ ಏನೋ ಟೈರ್ ಸುಟ್ರಂತೆ."

"ನಮ್ಮೋರಿರಾ ಕಡೆ ಏನಿಲ್ಲ ಬುಡು, ಎಂಬೆಸಿಯೋರು ಚೆನ್ನಾಗೇ ಅವ್ರೆ."

ಯಾವ ದೇಶ ಎಂದು ನಾನು ಕೇಳಲಿಲ್ಲ. "ಕರಸ್ಕೊಳ್ಳಿ," ಎಂದೆ.

"ಎಲ್ರುನೂವಾ?"

"ಎಲ್ರುನೂವೆ. ಈಗ್ಲೇ ಫೋನ್ ಮಾಡಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು, ಕಂಕುಳಲ್ಲಿ ಮಗು ಇದ್ದವಳು, ನಕ್ಕಳು. "ಈಗ ಅಲ್ಲಿ ಸೀಜನ್ನು ಕಣಜ್ಜಿ. ಇನ್ನೊಂದು ತಿಂಗ್ಳು ನೋಡ್ತೀವಿ."

ಯಾರೂ ಫೋನು ಮಾಡಲಿಲ್ಲ. ಒಳಗೆ ಬಳೆ ಒಡೆಯುವ ಶಬ್ದ ಕೇಳಿಸಿತು.